ಸಂಪು ಎಲ್ಲಿ ಹೋಯಿತು?

ಜಯನಗರ 4ನೇ ಬ್ಲಾಕಿನ ಸಣ್ಣ ಕಚೇರಿಯೊಂದರಲ್ಲಿ ಮನೆಗಳ ನಕ್ಷೆ ಬರೆಯುವುದು ನನ್ನ ಕೆಲಸ. ಆಟೊಕ್ಯಾಡ್ ತಂತ್ರಾಂಶ ಜಗತ್ತಿಗೆ ಬಂದದ್ದು 1982ರಲ್ಲಿ. ಅದು ನನ್ನ ಕೈಗೆ ಸಿಗುವ ಹೊತ್ತಿಗೆ ನಾನು ಟಿ-ಸ್ಕ್ವೇರ್ ಹಿಡಿದು ಹತ್ತು ವರ್ಷ ಕಳೆದಿತ್ತು. ಆಮೇಲೆ ನನಗೆ ಬೇಕಾದ ಹಾಗೆ ಒಂದು ಟೆಂಪ್ಲೇಟ್ ಮಾಡಿಕೊಂಡೆ. ಮೊದಲೇ ಗೆರೆ ಎಳೆದು, ಅಂಚು ಬಿಟ್ಟು, ಹೆಸರು ಬರೆಯಲು ಜಾಗ ಮಾಡಿಟ್ಟ ನೋಟ್‌ಬುಕ್ ಹಾಳೆ ಇರುತ್ತದಲ್ಲ, ಹಾಗೆ. ಅಳತೆ ಯಾವುದರಲ್ಲಿ, ಅಕ್ಷರ ಎಷ್ಟು ದೊಡ್ಡದು, ಗೋಡೆಗೆ ಯಾವ ಬಣ್ಣ, ಎಲ್ಲವೂ ಅದರಲ್ಲಿ ಸಿದ್ಧ. ನನ್ನ ಟೆಂಪ್ಲೇಟಿನಷ್ಟು ಅಚ್ಚುಕಟ್ಟು ಇನ್ನೊಂದಿಲ್ಲ ಎಂಬ ಜಂಬವೂ ನನಗಿತ್ತು.

ಬನಶಂಕರಿ 2ನೇ ಹಂತದ ಅಜ್ಜಿಯೊಬ್ಬರ ಮನೆಗೆ ಮೇಲೊಂದು ಮಹಡಿ ಕಟ್ಟಬೇಕಿತ್ತು. ಹಿಂದೆ ಬೇರೆ ಯಾರೋ ಕಂಪ್ಯೂಟರಿನಲ್ಲಿ ಬರೆದಿದ್ದ ನಕ್ಷೆಯನ್ನು ಮೊಮ್ಮಗ ಕಳಿಸಿದ. ನನ್ನ ಟೆಂಪ್ಲೇಟಿಗೆ ತಂದೆ. ಪರದೆ ಖಾಲಿ! ಹುಡುಕಿದರೆ ಮೂಲೆಯಲ್ಲೊಂದು ಚುಕ್ಕೆ. ಅವರು ಬರೆದದ್ದು ಅಡಿಯಲ್ಲಿ, ನನ್ನದು ಮಿಲಿಮೀಟರ್. 30 ಅಡಿ ಅಗಲ, 40 ಅಡಿ ಉದ್ದದ ಸೈಟು 30, 40 ಮಿಲಿಮೀಟರಾಗಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾಗಿ ಕೂತಿತ್ತು. 1 ಅಡಿ ಎಂದರೆ 304.8 ಮಿಲಿಮೀಟರ್. ಅಷ್ಟು ಪಟ್ಟು ಹಿಗ್ಗಿಸಿದೆ. 30 ಅಡಿ 9144 ಆಯಿತು, ಮನೆ ಮನೆಯಾಯಿತು. (ಮಕ್ಕಳೇ, ಬೇಕಾದರೆ ಗುಣಿಸಿ ನೋಡಿ.)

ಗೋಡೆ, ಬಾಗಿಲು, ಕೊಳಾಯಿ ಇವನ್ನೆಲ್ಲ ನಾವು ಬೇರೆ ಬೇರೆ ಲೇಯರುಗಳಲ್ಲಿ ಬರೆಯುತ್ತೇವೆ. ಹಿಂದೆ ಟ್ರೇಸಿಂಗ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಿದ್ದ ಹಾಗೆಯೇ. ಅವರ ಲೇಯರುಗಳ ಹೆಸರು ಬೇರೆ ಇತ್ತು. ಒಂದೊಂದನ್ನೇ ನನ್ನವಕ್ಕೆ ಹೊಂದಿಸಿದೆ. ಯಾವುದಕ್ಕೂ ಹೊಂದದೆ ಮೂರು ಉಳಿದವು. ಏನೋ ಕಸ ಇರಬೇಕೆಂದು ಆಫ್ ಮಾಡಿಬಿಟ್ಟೆ. ನಕ್ಷೆ ಕನ್ನಡಿಯಂತೆ ಹೊಳೆಯಿತು.

ಅಜ್ಜಿ ಮೊಮ್ಮಗನ ಜೊತೆ ಕಚೇರಿಗೆ ಬಂದರು. ಕನ್ನಡಕ ಏರಿಸಿಕೊಂಡು, ಹಾಳೆಯ ಮೇಲೆ ಬೆರಳಿಟ್ಟು ಗೇಟಿನಿಂದ ಒಳಗೆ ನಡೆದರು. ಬೆರಳು ಒಂದೆಡೆ ನಿಂತಿತು.

"ಏನಪ್ಪಾ, ಈ ಕಪ್ಪು ಚೌಕ ಏನು?"

"ಮಹಡಿ ಮೆಟ್ಟಿಲಿನ ಕಂಬ, ಅಮ್ಮಾ."

"ಅಲ್ಲಿ ನಮ್ಮ ಸಂಪಿದೆಯಲ್ಲಪ್ಪಾ! ನಮ್ಮನೆಯವರು ಪಕ್ಕದಲ್ಲೇ ನಿಂತು ಕಟ್ಟಿಸಿದ್ದು. ಕಾವೇರಿ ನೀರು ಬಂದಾಗ ತುಂಬೋದು ಅದೇ."

ನನ್ನೆದೆ ಧಸಕ್ಕೆಂದಿತು. ಮುಚ್ಚಿಟ್ಟ ಲೇಯರುಗಳನ್ನು ತೆರೆದೆ. ಚುಕ್ಕಿ ಗೆರೆಯ ಸಂಪು, ಸರಿಯಾಗಿ ಕಂಬದ ಕೆಳಗೆ! ನೀರಿನ ತೊಟ್ಟಿಯ ಮೇಲೆ ಮೆಟ್ಟಿಲಿನ ಭಾರ ಹೊರಿಸಲು ಹೊರಟಿದ್ದೆ. ಮನೆಗೆ ಹೋಗಿ ಟೇಪು ಹಿಡಿದು ಅಳೆಯುವ ಮೊದಲೇ ಕಂಬ ನಿಲ್ಲಿಸಿದ್ದು ಇನ್ನೊಂದು ತಪ್ಪು. ಅದನ್ನು ಅಜ್ಜಿಗೆ ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ.

ಮರುದಿನವೇ ಹೋಗಿ ಅಳೆದು ಬಂದೆ. ಮೆಟ್ಟಿಲು ಇನ್ನೊಂದು ಬದಿಗೆ ಹೋಯಿತು. ಟೆಂಪ್ಲೇಟನ್ನೂ ತಿದ್ದಿದೆ: ಹೊಂದದೆ ಉಳಿದದ್ದಕ್ಕೆಲ್ಲ ಈಗ ಕೆಂಪು ಬಣ್ಣ, ಏನೆಂದು ತಿಳಿಯುವವರೆಗೆ ಆಫ್ ಮಾಡುವಂತಿಲ್ಲ.

ಹೊಸ ನಕ್ಷೆ ನೋಡಲು ಬಂದಾಗ ಮೊಮ್ಮಗ ಕೇಳಿದ, "ಅಂಕಲ್, ತುಳಸಿ ಕಟ್ಟೆಗೆ ಯಾವ ಲೇಯರು?" ನನ್ನ ಅಚ್ಚುಕಟ್ಟಾದ ಟೆಂಪ್ಲೇಟಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಅವನ ಎದುರೇ ಹೊಸದೊಂದು ಮಾಡಿದೆ.

"ಹಸಿರು ಹಾಕಪ್ಪಾ," ಎಂದರು ಅಜ್ಜಿ. "ಮತ್ತೆ, ಗೇಟು ತೆಗೆದ ಕೂಡಲೇ ಕಾಣೋ ಹಾಗಿರಲಿ."