ಎರಡು ತೊಟ್ಟು

ನನ್ನ ಎಡಗಣ್ಣಿಗೆ ರೆಕ್ಕೆ ಮೂಡಿ ಹತ್ತು ವರ್ಷಗಳಾಗಿದ್ದವು. ಉತ್ಪ್ರೇಕ್ಷೆಯೆಂದು ತಿಳಿಯಬೇಡಿ. ಮೂಗಿನ ಕಡೆಯಿಂದ ಹೊರಟು ಕರಿಗುಡ್ಡೆಯ ಮೇಲೆ ತೆವಳುವ ಈ ಮಾಂಸದ ಪದರಕ್ಕೆ ವೈದ್ಯರು ಟೆರಿಜಿಯಂ ಎನ್ನುತ್ತಾರೆ. ಆ ಗ್ರೀಕ್ ಮಾತಿನ ಅರ್ಥವೇ ಪುಟ್ಟ ರೆಕ್ಕೆ. ನಮ್ಮ ಸುಶ್ರುತನು ಅದನ್ನು ಅರ್ಮವೆಂದು ಕರೆದು, ಐದು ಬಗೆಗಳನ್ನು ಹೇಳಿ, ಕೊಕ್ಕೆಯಿಂದ ಎತ್ತಿ ಕತ್ತರಿಸುವ ಕ್ರಮವನ್ನೂ ತಿಳಿಸಿದ್ದಾನೆ. ಹಿರೇಹಳ್ಳಿಯಲ್ಲಿ ಮಾತ್ರ ಅದು “ಮೇಷ್ಟ್ರ ಕಣ್ಣಲ್ಲಿ ಬೆಳೆದ ಮಾಂಸ.” ಬಿಸಿಲು, ಗಾಳಿ, ಧೂಳು ಅದಕ್ಕೆ ಪ್ರಿಯವಂತೆ. ಹೆದ್ದಾರಿಯ ಪಕ್ಕದ ಊರಿನಲ್ಲಿ ಮೂವತ್ತು ವರ್ಷ ಸೈಕಲ್ ತುಳಿದವನಿಗೆ ಮೂರೂ ಧಾರಾಳವಾಗಿ ಒದಗಿದ್ದವು.

ತುಮಕೂರಿನಲ್ಲಿ ಶಸ್ತ್ರಕ್ರಿಯೆಯಾಯಿತು. ರೆಕ್ಕೆಯನ್ನು ಬಿಡಿಸಿ ತೆಗೆದು, ಬರಿದಾದ ಜಾಗಕ್ಕೆ ಮೇಲುರೆಪ್ಪೆಯ ಅಡಿಯಿಂದ ನನ್ನದೇ ಕಣ್ಣಿನ ತೆಳುಪೊರೆಯನ್ನು ತಂದು ತೇಪೆ ಹಾಕಿದರು. ಹಾಗೆಯೇ ಬಿಟ್ಟರೆ ಅದು ಮತ್ತೆ ಬೆಳೆಯುವ ಸಂಭವ ಹೆಚ್ಚು. ಇಷ್ಟು ವೈದ್ಯರ ಕೆಲಸ. ಉಳಿದದ್ದು ನನ್ನಾಕೆಯದು.

ಮನೆಗೆ ಮೂರು ಸೀಸೆಗಳು ಬಂದವು. ಒಂದು ಸೋಂಕು ತಡೆಯುವುದಕ್ಕೆ. ಇನ್ನೊಂದು ಸ್ಟೆರಾಯ್ಡ್, ಉರಿ, ಊತ ತಗ್ಗಿ ತೇಪೆ ಶಾಂತವಾಗಿ ಕೂರಬೇಕಲ್ಲ! ಮೂರನೆಯದು ಕೃತಕ ಕಣ್ಣೀರು. ಗುಡ್ಡೆಯ ಮೇಲೆ ಹೊಸ ಪದರ ಹರಡಿಕೊಳ್ಳುವಾಗ ರೆಪ್ಪೆ ಉಜ್ಜದಂತೆ ಒದ್ದೆಯಾಗಿಡುವುದು ಅದರ ಕೆಲಸ. ಆ ಪದರ ಕೆಲವೇ ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಕೆಂಪು ಇಳಿಯುವುದಕ್ಕೆ ವಾರಗಳೇ ಬೇಕು.

ನನ್ನಾಕೆ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಪಟ್ಟಿ ಬರೆದು ಅಂಟಿಸಿದಳು. ಸೋಪಿನಲ್ಲಿ ಕೈ ತೊಳೆಯುವಳು, ಸ್ಟೆರಾಯ್ಡಿನ ಸೀಸೆಯನ್ನು ಚೆನ್ನಾಗಿ ಕುಲುಕುವಳು, “ಮೇಲೆ ನೋಡಿ ಅಂದ್ರೆ ಮೇಲೆ ನೋಡಿ, ನನ್ನ ಮುಖ ಅಲ್ಲ” ಎನ್ನುವಳು. ಕೆಳರೆಪ್ಪೆಯನ್ನು ಎಳೆದು, ಸೀಸೆಯ ಮೂತಿ ಎಲ್ಲಿಯೂ ತಾಗದಂತೆ ಒಂದೇ ಹನಿ. ಇನ್ನೊಂದು ಬೀಳಲಿ ಎಂದು ನಾನು ಗೋಗರೆದರೂ ಇಲ್ಲ. ಅವಳದೇ ಸರಿ, ಕಣ್ಣಿನಲ್ಲಿ ಒಂದು ಹನಿಗೇ ಪೂರಾ ಸ್ಥಳವಿಲ್ಲ, ಎರಡನೆಯದು ಕೆನ್ನೆಯ ಪಾಲು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಕೂರಬೇಕು. ಮರೆತರೆ ಕಣ್ಣಿಗೆ ಬಿಟ್ಟ ಮದ್ದು ಗಂಟಲಿನಲ್ಲಿ ಕಹಿಯಾಗುತ್ತದೆ. ಮುಂದಿನ ಸೀಸೆಗೆ ಐದು ನಿಮಿಷ ಬಿಡುವು. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಪಾಪಕ್ಕೆ ಇದು ಪ್ರಾಯಶ್ಚಿತ್ತವೆಂದುಕೊಂಡೆ.

ಮೂರನೆಯ ವಾರ ಕಣ್ಣು ತಿಳಿಯಾಯಿತು. ಇನ್ನೇಕೆ ಈ ಹಿಂಸೆ ಎಂದೆ. ಸ್ಟೆರಾಯ್ಡನ್ನು ಥಟ್ಟನೆ ಬಿಡುವಂತಿಲ್ಲ, ಮೆಟ್ಟಿಲಿಳಿದಂತೆ ಇಳಿಸಬೇಕು ಎಂದರು ವೈದ್ಯರು. ಮನಸ್ಸಿಗೆ ಬಂದಷ್ಟು ದಿನ ಹಾಕಿಕೊಳ್ಳುವಂತೆಯೂ ಇಲ್ಲ. ಕೆಲವರಿಗೆ ಅದರಿಂದ ಕಣ್ಣಿನ ಒತ್ತಡ ಏರುತ್ತದೆ. ಅದಕ್ಕಾಗಿಯೇ ಹೋದಾಗಲೆಲ್ಲ ಒತ್ತಡ ಅಳೆಯುತ್ತಿದ್ದರು.

ಆ ವಾರವೇ ಪಕ್ಕದ ಮನೆಯವರು ಒಂದು ಕಣ್ಣನ್ನು ಟವಲಿನಲ್ಲಿ ಒತ್ತಿಕೊಂಡು ಬಂದರು. “ತೋಟದಲ್ಲಿ ತೆಂಗಿನ ಗರಿ ಹೊಡೀತು ಮೇಷ್ಟ್ರೇ. ನಿಮ್ಮ ಕಣ್ಣು ಅದೆಷ್ಟು ಬೆಳ್ಳಗಾಗೈತೆ! ಆ ಸೀಸೇಲಿ ಎರಡು ತೊಟ್ಟು ಬಿಡಿ.”

ಕೇಳಿದವರಿಗೆ ಇಲ್ಲವೆಂದು ಅಭ್ಯಾಸವಿಲ್ಲ. ಎದ್ದು ಮುಚ್ಚಳ ತಿರುಗಿಸಿಯೇಬಿಟ್ಟೆ. ನನ್ನಾಕೆ ಅಡಿಗೆಮನೆಯಿಂದ ಬಂದು ಸೀಸೆಯನ್ನು ಕೈಯಿಂದ ಕಿತ್ತುಕೊಂಡಳು. “ಅಣ್ಣಾ, ಇದು ಇವರ ಗಾಯಕ್ಕೆ ಬರೆದದ್ದು. ನೀವು ಈಗಲೇ ತುಮಕೂರಿಗೆ ಹೋಗಿ ತೋರಿಸಿ.” ಅವರ ಮುಖ ಸಣ್ಣಗಾಯಿತು. ಎರಡು ತೊಟ್ಟಿಗೆ ಇಷ್ಟೊಂದೇ ಎಂದು ಗೊಣಗಿ ಹೊರಟುಹೋದರು. ನನಗೂ ಅವಳ ಮೇಲೆ ಸಿಟ್ಟು ಬಂತು. ಆ ದಿನ ಊಟದಲ್ಲಿ ಮಾತಿಲ್ಲ.

ಮುಂದಿನ ಭೇಟಿಯಲ್ಲಿ ಇದನ್ನು ತಮಾಷೆಯಾಗಿ ಹೇಳಿದೆ. ವೈದ್ಯರು ನಗಲಿಲ್ಲ. ಗರಿ, ಹುಲ್ಲು ತಾಗಿದ ಗಾಯದಲ್ಲಿ ಶಿಲೀಂಧ್ರ ಸೇರಬಹುದು; ಅದರ ಮೇಲೆ ಸ್ಟೆರಾಯ್ಡ್ ಬಿದ್ದರೆ ಕೆಂಪು, ನೋವು ತಗ್ಗಿ ವಾಸಿಯಾದಂತೆ ಕಾಣುತ್ತದೆ, ಒಳಗೆ ಹುಣ್ಣು ಗುಡ್ಡೆಯನ್ನು ತಿನ್ನುತ್ತಾ ಹೋಗುತ್ತದೆ ಎಂದರು. ಹಾಗೆ ಕಣ್ಣು ಕಳೆದುಕೊಂಡವರನ್ನು ಅವರು ನೋಡಿದ್ದರು. ಬಸ್ಸಿನಲ್ಲಿ ಹಿಂದಿರುಗುವಾಗ, ತಿರುಗಿಸಿದ ಆ ಮುಚ್ಚಳ ಬೆರಳ ತುದಿಯಲ್ಲೇ ಇದ್ದಂತಿತ್ತು.

ಪಕ್ಕದ ಮನೆಯವರು ಎರಡು ದಿನ ತಡೆದು, ನೋವು ತಾಳಲಾರದೆ ತುಮಕೂರಿಗೆ ಹೋಗಿದ್ದರಂತೆ. ಶಿಲೀಂಧ್ರವೇ. ಅವರಿಗೆ ಬೇರೆ ಮದ್ದು. ಗಂಟೆಗೊಂದು ಹನಿ, ರಾತ್ರಿಯೂ. ಅವರ ಮನೆಯ ಗೋಡೆಯ ಮೇಲೂ ಒಂದು ಪಟ್ಟಿ ಅಂಟಿತು. ಅಕ್ಷರ ನನ್ನಾಕೆಯದು. ಸರಿರಾತ್ರಿ ಅವರ ಕಿಟಕಿಯಲ್ಲಿ ದೀಪ ಹೊತ್ತಿಕೊಂಡಾಗ ಅವಳು ಮಗ್ಗುಲಾಗಿ, “ಎರಡು ಗಂಟೆಯದು ಹಾಕಿದರು” ಎನ್ನುವಳು.