ಪಂಚಾಂಗದ ಕೆಳಗಿನ ಕಲ್ಲು

ಮನೆ ಕಟ್ಟುವುದೆಂದರೆ ಮೇಲಕ್ಕೇರುವುದು ಅಂತ ತಿಳಿದುಕೊಂಡಿದ್ದೆ. ಮೊದಲು ಕೆಳಗೆ ಇಳಿಯಬೇಕು ಅಂತ ಗೊತ್ತಾದದ್ದು ನಮ್ಮ ಹತ್ತು ಸೆಂಟ್ಸ್ ಜಾಗದಲ್ಲಿ ಕೆಲಸ ಸುರುವಾದ ಮೇಲೆಯೇ.

ನಮ್ಮ ಕಾಸರಗೋಡಿನ ಕಡೆ ಅಡಿಪಾಯಕ್ಕೆ ಪಂಚಾಂಗ ಎನ್ನುತ್ತೇವೆ. ನಮ್ಮ ಜಾಗದಲ್ಲಿ ಅರ್ಧ ಗಟ್ಟಿ ನೆಲ. ಉಳಿದರ್ಧ ಹಿಂದಿನವರು ತಗ್ಗಿಗೆ ಮಣ್ಣು ತುಂಬಿಸಿ ಸಮ ಮಾಡಿದ್ದು. ನೋಡಲು ಎರಡೂ ಒಂದೇ, ಹುಲ್ಲು ಕೂಡ ಒಂದೇ ತರ ಬೆಳೆದಿತ್ತು. ಮೇಸ್ತ್ರಿ ಹಾರೆ ಹಾಕಿ ನೋಡಿದರು. ಒಂದು ಕಡೆ ಟಣ್ ಅಂತು. ಇನ್ನೊಂದು ಕಡೆ ಸದ್ದಿಲ್ಲದೆ ಇಳಿಯಿತು.

“ಮಾಷ್ಟ್ರೇ, ಇಲ್ಲಿ ಎರಡಡಿ ಸಾಲ. ಗಟ್ಟಿ ಸಿಗುವವರೆಗೆ ಹೋಗಬೇಕು.”

ಮೂರಡಿ ಆಯಿತು, ನಾಲ್ಕಾಯಿತು. ಟೈಲ್ಸಿಗೆಂದು ತೆಗೆದಿಟ್ಟ ದುಡ್ಡು ಹೊಂಡಕ್ಕೆ ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ಐದನೇ ಅಡಿಗೆ ನನ್ನ ತಾಳ್ಮೆ ಮುಗಿಯಿತು. “ಯಾರೂ ನೋಡದ ಕಲ್ಲಿಗೆ ಇಷ್ಟು ಖರ್ಚಾ?” ಎಂದೆ. ಅವರು ತಲೆ ಎತ್ತದೆ ಹೇಳಿದರು: “ಮಳೆ ನೋಡ್ತದೆ.”

ಆರೂವರೆ ಅಡಿಯಲ್ಲಿ ಹಾರೆ ಟಣ್ ಅಂತು.

ಆ ರಾತ್ರಿ ಬೈಬಲ್ ತೆರೆದೆ. ಎರಡು ಮನೆಗಳ ಸಾಮತಿ ನಿಮಗೂ ಗೊತ್ತಿರಬಹುದು. ಮತ್ತಾಯನ ಏಳನೇ ಅಧ್ಯಾಯದಲ್ಲಿ ಒಬ್ಬ ಬಂಡೆಯ ಮೇಲೆ ಕಟ್ಟುತ್ತಾನೆ, ಇನ್ನೊಬ್ಬ ಮರಳಿನ ಮೇಲೆ. ಲೂಕನ ಆರನೇ ಅಧ್ಯಾಯದಲ್ಲಿ ಅದೇ ಕತೆ, ಆದರೆ ಒಂದು ಮಾತು ಹೆಚ್ಚು: ಮೊದಲನೆಯವನು ಆಳವಾಗಿ ಅಗೆದ. ಇಷ್ಟು ವರ್ಷ ಓದಿದ್ದೆ, ಆ ಅಗೆಯುವ ಕೆಲಸ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಇನ್ನೊಂದು ಸಂಗತಿಯೂ ಬಿದ್ದಿರಲಿಲ್ಲ. ನೆರೆ ಎರಡೂ ಮನೆಗೆ ಬರುತ್ತದೆ. ಬಂಡೆಯ ಮೇಲೆ ಕಟ್ಟಿದವನಿಗೆ ಮಳೆ ತಪ್ಪುವುದಿಲ್ಲ.

ಇದನ್ನು ಬರೆಯಲು ಕಾರಣವಿದೆ. ನನ್ನ ತಮ್ಮ ಮೂವತ್ತೆರಡನೇ ವಯಸ್ಸಿಗೆ ತೀರಿಕೊಂಡ. ನಾವು ಒಂಬತ್ತು ದಿನದ ನೊವೇನ ಹಿಡಿದಿದ್ದೆವು, ಅದು ಮುಗಿಯುವ ಮೊದಲೇ ಹೋದ. ಆಮೇಲೂ ನಾನು ಪ್ರತಿ ಆದಿತ್ಯವಾರ ಇಗರ್ಜಿಗೆ ಹೋದೆ, ಮಕ್ಕಳಿಗೆ ಧರ್ಮೋಪದೇಶದ ಪಾಠ ಮಾಡಿದೆ. ಒಳಗೆ ಏನೂ ಇರಲಿಲ್ಲ. ಪ್ರಾರ್ಥನೆ ಮಾಡುವವರ ಮನೆಗೆ ಮಳೆ ಬರಬಾರದು ಎಂಬುದೇ ನನ್ನ ವಿಶ್ವಾಸವಾಗಿತ್ತು ಅಂತ ಈಗ ಅನ್ನಿಸುತ್ತದೆ. ಅದು ತುಂಬಿಸಿದ ಮಣ್ಣು. ಮೇಲೆ ಹುಲ್ಲು ಚೆನ್ನಾಗಿಯೇ ಬೆಳೆದಿತ್ತು.

ಅಮ್ಮ ಹಾಗಲ್ಲ. ಮಗನನ್ನು ಮಣ್ಣು ಮಾಡಿ ಬಂದ ಸಂಜೆ ಅತ್ತಳು, ಅತ್ತು ಅತ್ತು ಕೊನೆಗೆ ಜಪಸರ ಕೈಗೆ ತೆಗೆದುಕೊಂಡಳು. ಆಗ ನನಗೆ ಸಿಟ್ಟು ಬಂದಿತ್ತು. ಹೊಂಡದ ಅಂಚಿನಲ್ಲಿ ನಿಂತಾಗ ಆ ಸಂಜೆ ನೆನಪಾಯಿತು. ಅವಳು ಯಾವತ್ತೋ ಅಗೆದಿದ್ದಳು, ಯಾರಿಗೂ ಹೇಳಿರಲಿಲ್ಲ.

ಪಂಚಾಂಗಕ್ಕೆ ಹಾಕಿದ್ದು ಮುರಕಲ್ಲು. ಬೇಕಲ ಕೋಟೆ ಕಟ್ಟಿದ್ದೂ ಇದೇ ಕಲ್ಲಿನಲ್ಲಿ. 1807ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಅವನು ನೋಡಿದ್ದು ಮಲಬಾರಿನ ಅಂಗಾಡಿಪ್ಪುರದ ಕಲ್ಲು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಮೆತ್ತಗೆ, ಕೊಡಲಿಯಲ್ಲೂ ಕಡಿಯಬಹುದು; ಹೊರಗೆ ತೆಗೆದು ಗಾಳಿ ಬಿಸಿಲಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಏಳನೇ ಕ್ಲಾಸಿನ ಮಕ್ಕಳಿಗೆ ಇದನ್ನು ಹೇಳುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: “ಸರ್, ಎಷ್ಟು ಅಗೆದರೂ ಗಟ್ಟಿ ಸಿಗದಿದ್ದರೆ?”

ನನ್ನಲ್ಲಿ ಉತ್ತರ ಇರಲಿಲ್ಲ. ಸಂಜೆ ಮೇಸ್ತ್ರಿಯನ್ನು ಕೇಳಿದೆ. ಅವರು ನಮ್ಮ ಧರ್ಮದವರಲ್ಲ, ನಾವು ತುಳುವಿನಲ್ಲಿ ಮಾತಾಡುವುದು. “ಐದಡಿಯಲ್ಲಿ ನೀವೂ ಹಾಗೇ ಅಂದುಕೊಂಡಿರಿ ಅಲ್ವಾ?” ಎಂದು ನಕ್ಕರು.

ತಮ್ಮ ಯಾಕೆ ಹೋದ ಎನ್ನುವುದಕ್ಕೆ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಆದರೆ ಅಮ್ಮನ ಜೊತೆ ಕೂತು ಜಪಸರ ಹೇಳುವಾಗ ಈಗ ನನ್ನ ಬಾಯಿ ಮಾತ್ರ ಆಡುತ್ತಿರುವುದಿಲ್ಲ. ಎಷ್ಟು ಅಡಿ ಆಯಿತೋ ಗೊತ್ತಿಲ್ಲ, ಅಗೆಯುತ್ತಾ ಇದ್ದೇನೆ.

ಮನೆಗೆ ಎರಡು ಮಳೆಗಾಲ ಕಳೆಯಿತು. ನೆಲ ಇನ್ನೂ ಬರೀ ಸಿಮೆಂಟಿನದ್ದು. ಬಂದವರು “ಟೈಲ್ಸ್ ಹಾಕಲಿಲ್ವಾ ಮಾಷ್ಟ್ರೇ?” ಅಂತ ಕೇಳುತ್ತಾರೆ.

“ಹಾಕಿದ್ದೇನೆ, ಆರೂವರೆ ಅಡಿ ಕೆಳಗಿದೆ” ಎನ್ನುತ್ತೇನೆ.