ಸಹಕರಿಸುತ್ತಿಲ್ಲ

ನಮ್ಮ ಟೀಮಿನಲ್ಲೊಬ್ಬ ರಾತ್ರಿ ಒಂಬತ್ತಕ್ಕೆ ಫಿಲ್ಟರ್ ಕಾಫಿ ಕುಡಿದು ಹತ್ತಕ್ಕೆಲ್ಲ ಗೊರಕೆ ಹೊಡೀತಾನೆ. ನನಗೆ ಸಂಜೆ ನಾಲ್ಕರ ಅರ್ಧ ಲೋಟ ಸಾಕು, ಬೆಳಗಿನ ಜಾವದ ತನಕ ಫ್ಯಾನ್ ನೋಡ್ತಾ ಮಲಗೋಕೆ. ಇದನ್ನ ಯಾರೂ ಹಠ ಅನ್ನಲ್ಲ. "ನಿನ್ನ ಬಾಡಿ ಹಂಗೆ ಬಿಡು" ಅಂತಾರೆ. ಮಾನಸಿಕ ಕಾಯಿಲೆಯ ಮಾತ್ರೆ ವಿಷಯಕ್ಕೆ ಬಂದಾಗ ಮಾತ್ರ ಈ ಔದಾರ್ಯ ಮಾಯ.

ನನ್ನ ಅಣ್ಣನಿಗೆ ಸ್ಕಿಜೋಫ್ರೀನಿಯಾ. ಮೊದಲು ಕೊಟ್ಟಿದ್ದು ರಿಸ್ಪೆರಿಡೋನ್, ದಿನಕ್ಕೆ 2 ಮಿಲಿಗ್ರಾಂ, ತೀರಾ ಮಾಮೂಲಿ ಡೋಸು. ಎರಡನೇ ವಾರದಲ್ಲೇ ಕೈ ಸೆಟೆದು, ತಟ್ಟೆಯಿಂದ ಬಾಯಿಗೆ ತುತ್ತು ಹೋಗೋಕೆ ಒಂದು ಯುಗ. ಕೂತಲ್ಲಿ ಕೂರಲಾರ, ಹಾಲ್‌ನಲ್ಲಿ ಶತಪಥ. "ಮೈಯೊಳಗೆ ಏನೋ ಹರಿದಾಡ್ತಿದೆ ಕಣೋ, ಇದು ಬೇಡ" ಅಂದ. ಅದೂ ಕಾಯಿಲೆಯ ಲಕ್ಷಣವೇ ಅಂತ ತೀರ್ಮಾನಿಸಿ ಡೋಸು ದುಪ್ಪಟ್ಟು ಮಾಡಿದರು. ಅವನು ಮಾತ್ರೆ ಉಗಿದ. ಫೈಲಿನಲ್ಲಿ "ಸಹಕರಿಸುತ್ತಿಲ್ಲ" ಅಂತ ಬಿತ್ತು. ಮುಂದೆ ಎರಡು ಕಡೆ ಆ ಪದ ಅವನಿಗಿಂತ ಮೊದಲೇ ಹೋಗಿ ಕುರ್ಚಿ ಹಿಡಿದು ಕೂತಿತ್ತು.

ರಿಸ್ಪೆರಿಡೋನನ್ನು ಲಿವರಿನಲ್ಲಿ ಒಡೆಯೋ ಮುಖ್ಯ ಕಿಣ್ವ ಸಿವೈಪಿ2ಡಿ6. ಅದರ ಜೀನು 22ನೇ ಕ್ರೋಮೋಸೋಮಿನಲ್ಲಿದೆ. ಕೆಲವರಲ್ಲಿ ಅದರ ಎರಡೂ ಪ್ರತಿ ಕೆಲಸಕ್ಕೆ ಬಾರದವು, ಇನ್ನು ಕೆಲವರಲ್ಲಿ ಹೆಚ್ಚುವರಿ ಪ್ರತಿಗಳಿರುತ್ತವೆ. ಮೊದಲಿನವರ ರಕ್ತದಲ್ಲಿ ಔಷಧ ಜಮೆಯಾಗ್ತಾ ಹೋಗುತ್ತೆ, ಎರಡನೆಯವರಲ್ಲಿ ಬೇಗ ಇಳಿದುಬಿಡುತ್ತೆ. 2019ರಲ್ಲಿ ಓಸ್ಲೋದ ಸಂಶೋಧಕರು ರಿಸ್ಪೆರಿಡೋನ್ ತಗೊಳ್ತಿದ್ದ 725 ಜನರ ದಾಖಲೆ ನೋಡಿದರು. ಈ ಎರಡೂ ತುದಿಯವರು ಉಳಿದವರಿಗಿಂತ ಹೆಚ್ಚಾಗಿ ಬೇರೆ ಮಾತ್ರೆಗೆ ಹೋಗಿದ್ದರು. ಅಮೆರಿಕದಲ್ಲಿ ಅರಿಪಿಪ್ರಜೋಲ್ ಜೊತೆಗಿನ ಮಾಹಿತಿ ಚೀಟಿಯಲ್ಲಂತೂ, ಈ ಕಿಣ್ವ ಕೆಲಸ ಮಾಡದವರಿಗೆ ಅರ್ಧ ಡೋಸು ಅಂತಲೇ ಅಚ್ಚಾಗಿದೆ.

ಹಾಗಂತ ಜೀನ್ ಟೆಸ್ಟು ಜಾತಕ ಅಲ್ಲ, ಜಾಹೀರಾತು ಏನೇ ಹೇಳಲಿ. ಡೋಸಿನ ಬಗ್ಗೆ ಸುಳಿವು ಕೊಡುತ್ತೆ, ಕಿವಿಯೊಳಗಿನ ಧ್ವನಿಗಳನ್ನ ಯಾವ ಮಾತ್ರೆ ನಿಲ್ಲಿಸುತ್ತೆ ಅಂತ ಹೇಳಲ್ಲ. ಡಿಪ್ರೆಶನ್ನಿಗೆ ಕೊಡೋ ಫ್ಲುಆಕ್ಸೆಟಿನ್ ಜೊತೆಗೆ ಸೇರಿದರೆ, ಜೀನು ಚೆನ್ನಾಗಿರೋರ ಕಿಣ್ವವೂ ಮಂಕಾಗುತ್ತೆ.

ಎರಡು ಔಷಧ ಸೋತ ಮೇಲೆ ಅಣ್ಣ ಈಗ ಕ್ಲೋಜಪಿನ್ ಮೇಲಿದ್ದಾನೆ. ಅದನ್ನ ಒಡೆಯೋದು ಸಿವೈಪಿ1ಎ2 ಅನ್ನೋ ಬೇರೆ ಕಿಣ್ವ, ಕಾಫಿಯ ಕೆಫೀನನ್ನೂ ಅದೇ ಒಡೆಯುತ್ತೆ. ಸಿಗರೇಟಿನ ಹೊಗೆ (ನಿಕೋಟಿನ್ ಅಲ್ಲ, ಹೊಗೆ!) ಅದನ್ನ ಚುರುಕು ಮಾಡುತ್ತೆ. ಸೇದೋದು ನಿಲ್ಲಿಸಿದರೆ ಅದೇ ಡೋಸಿಗೆ ರಕ್ತದಲ್ಲಿ ಔಷಧ ಏರುತ್ತೆ. ಹಾಗಾಗಿ ಅಣ್ಣ ಸಿಗರೇಟು ಬಿಡ್ತೀನಿ ಅಂದ ದಿನ ನಾವು ಸ್ವೀಟ್ ತರಲಿಲ್ಲ, ಡಾಕ್ಟರಿಗೆ ಫೋನ್ ಮಾಡಿದ್ವಿ.

ಅವನ ಜೀನನ್ನ ಇವತ್ತಿನವರೆಗೆ ಯಾರೂ ಪರೀಕ್ಷಿಸಿಲ್ಲ. ಈ ಡಾಕ್ಟರು ಮೊದಲ ಭೇಟಿಯಲ್ಲಿ ಮಾಡಿದ್ದು ಇಷ್ಟೇ. ಹಳೆ ಫೈಲು ಮುಚ್ಚಿಟ್ಟು, "ಮಾತ್ರೆ ಶುರು ಮಾಡಿ ಎಷ್ಟು ದಿನಕ್ಕೆ ಕೈ ಸೆಟೀತು?" ಅಂತ ಅವನನ್ನೇ ಕೇಳಿದರು.

ಅಣ್ಣ ಲೆಕ್ಕ ಇಟ್ಟಿದ್ದ. ಹನ್ನೊಂದು ದಿನ.